ಸ್ನಾಯುವಿನ ದುರಸ್ತಿ ಮತ್ತು ಆಕರಕೋಶಗಳು

ಚಳ್ಳಕೆರೆ ಸೀಮೆಯ ಶೇಂಗಾ ಹೊಲಗಳಲ್ಲಿ ದುಡಿಯುವವರಿಗೆ ಕೈಕಾಲಿಗೆ ಪೆಟ್ಟು ಬೀಳುವುದು ಹೊಸದೇನಲ್ಲ. ತೊಡೆಯ ಸ್ನಾಯು ಹರಿದು ಊದಿಕೊಂಡರೂ ಕೆಲವು ವಾರಗಳಲ್ಲಿ ಕೂಡಿಕೊಂಡು, ಮನುಷ್ಯನು ಮತ್ತೆ ಕಾಯಕಕ್ಕೆ ಮರಳುತ್ತಾನೆ. ಈ ದುರಸ್ತಿಯು ಹೇಗೆ ನಡೆಯುತ್ತದೆ? ಕೆಲವು ಮಕ್ಕಳಲ್ಲಿ ಅದು ಏಕೆ ಸೋಲುತ್ತದೆ? ಇದನ್ನು ಅರಿತರೆ ಅನೇಕ ಕುಟುಂಬಗಳು ವ್ಯರ್ಥ ವೆಚ್ಚದಿಂದಲೂ ವ್ಯರ್ಥ ನಿಂದೆಯಿಂದಲೂ ಪಾರಾಗಬಹುದು.

1961ರಲ್ಲಿ ಅಲೆಕ್ಸಾಂಡರ್ ಮಾವ್ರೊ ಎಂಬ ವಿಜ್ಞಾನಿಯು ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವಾಗ, ಸ್ನಾಯುತಂತುವಿನ ಅಂಚಿಗೆ ಅಂಟಿಕೊಂಡಿದ್ದ ಪುಟ್ಟ ಕೋಶಗಳನ್ನು ಕಂಡು ಅವನ್ನು ಉಪಗ್ರಹ ಕೋಶಗಳೆಂದು ಕರೆದನು. ಇವೇ ಸ್ನಾಯುವಿನ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ಸಾಮಾನ್ಯವಾಗಿ ಇವು ನಿದ್ರಾವಸ್ಥೆಯಲ್ಲಿರುತ್ತವೆ. ಗಾಯವಾದೊಡನೆ ಎಚ್ಚೆತ್ತು ವಿಭಜನೆಗೊಳ್ಳುತ್ತವೆ. ಹೀಗೆ ಹುಟ್ಟಿದವುಗಳಲ್ಲಿ ಹೆಚ್ಚಿನವು ತಂತುಗಳಲ್ಲಿ ಬೆರೆತು ಹರಿದುದನ್ನು ಸರಿಪಡಿಸುತ್ತವೆ. ಕೆಲವು ಬಿತ್ತನೆಗಾಗಿ ಕಾದಿರಿಸಿದ ಬೀಜದಂತೆ ಮತ್ತೆ ನಿದ್ರೆಗೆ ಮರಳುತ್ತವೆ. ಈ ನಿದ್ರೆ ಮತ್ತು ಎಚ್ಚರಗಳ ಗುಟ್ಟನ್ನು ನಮ್ಮ ದೇಶದಲ್ಲಿ ಡಾ. ಜ್ಯೋತ್ಸ್ನಾ ಧವನ್ ಅವರು ಹೈದರಾಬಾದಿನ ಸಿ.ಸಿ.ಎಂ.ಬಿ. ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗಳಲ್ಲಿ ಅಧ್ಯಯನ ಮಾಡಿದ್ದಾರೆ.

ಡುಶೆನ್ ಸ್ನಾಯುಕ್ಷಯ, ಅಂದರೆ ಮಸ್ಕ್ಯುಲರ್ ಡಿಸ್ಟ್ರೋಫಿಯ ತೀವ್ರ ರೂಪವು, ಬಹುಪಾಲು ಗಂಡುಮಕ್ಕಳಲ್ಲಿ ಕಾಣುತ್ತದೆ. ಸ್ನಾಯುತಂತುವಿನ ಪೊರೆಗೆ ಆಧಾರವಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಇವರಲ್ಲಿ ಇರುವುದಿಲ್ಲ. ಆದುದರಿಂದ ಪ್ರತಿಯೊಂದು ಚಲನೆಯಲ್ಲಿಯೂ ಪೊರೆಯು ಸುಲಭವಾಗಿ ಹರಿಯುತ್ತದೆ. ಆಕರಕೋಶಗಳು ದುರಸ್ತಿಗೆ ಧಾವಿಸುತ್ತವೆ. ಆದರೆ ಅವುಗಳಲ್ಲಿಯೂ ಅದೇ ದೋಷವಿರುವುದರಿಂದ ಹೊಸ ತಂತುವೂ ದುರ್ಬಲವೇ. ಕ್ರಮೇಣ ದುರಸ್ತಿಯ ಶಕ್ತಿ ಕುಂದಿ, ಸ್ನಾಯುವಿನ ಸ್ಥಳವನ್ನು ಕೊಬ್ಬು ಮತ್ತು ಗಾಯದ ನಾರು ಆಕ್ರಮಿಸುತ್ತವೆ.

ಹಾಗಾದರೆ ಆರೋಗ್ಯವಂತರ ಕೋಶಗಳನ್ನು ಚುಚ್ಚಿದರೆ ಸಾಲದೇ? 1990ರ ದಶಕದಲ್ಲಿ ಇಂಥ ಪ್ರಯೋಗಗಳು ನಡೆದವು. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಬೇಗನೆ ಸತ್ತವು. ಉಳಿದವು ದೂರ ಹರಡಲಿಲ್ಲ. ಮಕ್ಕಳ ಬಲವೂ ಹೆಚ್ಚಲಿಲ್ಲ. ಸಂಶೋಧನೆ ಮುಂದುವರಿದಿದೆ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ಈ ರೋಗಕ್ಕೆ ಆಕರಕೋಶವನ್ನು ಚಿಕಿತ್ಸೆಯಾಗಿ ಒಪ್ಪಿಲ್ಲ; ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ ಅವಕಾಶವಿದೆ. ಆದುದರಿಂದ ಹೊಲ ಮಾರಿ ಅಂಥ ಚುಚ್ಚುಮದ್ದು ಕೊಡಿಸುವ ಮುನ್ನ ನೂರು ಬಾರಿ ಯೋಚಿಸಬೇಕು.

ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕೆ ಶಾಲಾ ಶಿಕ್ಷಕರು ವಿಜ್ಞಾನ ತರಬೇತಿಗಾಗಿ ಬರುತ್ತಾರೆ. ರೋಗದ ಮೊದಲ ಚಿಹ್ನೆಗಳನ್ನು ಗುರುತಿಸಬಲ್ಲವರು ತಾಯಿತಂದೆಯರಷ್ಟೇ ಇಂಥ ಶಿಕ್ಷಕರು. ಮಗುವು ಪದೇ ಪದೇ ಬೀಳುವುದು, ಮೊಳಕಾಲು ತೊಡೆಗಳಿಗೆ ಕೈಯೂರಿ ಏಳುವುದು, ಮೀನಖಂಡ ದಪ್ಪವಾಗುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ರಕ್ತದ ಸಿ.ಕೆ. ಪರೀಕ್ಷೆ ಸುಳಿವು ನೀಡುತ್ತದೆ. ಜೀನ್ ಪರೀಕ್ಷೆ ಖಚಿತಪಡಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ರೋಗಗಳ ತಜ್ಞರಿದ್ದಾರೆ. ವೈದ್ಯರ ಸಲಹೆಯಂತೆ ಸ್ಟೀರಾಯ್ಡ್ ಔಷಧ, ಹಿತಮಿತ ವ್ಯಾಯಾಮ, ಹೃದಯ ಹಾಗೂ ಉಸಿರಾಟದ ತಪಾಸಣೆಗಳಿಂದ ಮಗುವಿನ ನಡಿಗೆಯ ದಿನಗಳನ್ನೂ ಆಯುಷ್ಯವನ್ನೂ ಹೆಚ್ಚಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ನಾಯುಕ್ಷಯವೂ ಸೇರಿರುವುದರಿಂದ ಸರ್ಕಾರದ ಸೌಲಭ್ಯಗಳನ್ನು ಕೇಳಿ ಪಡೆಯಬೇಕು.

ಕೊನೆಯದಾಗಿ ಒಂದು ಮಾತು. ಈ ದೋಷವು ಅನೇಕ ಬಾರಿ ತಾಯಿಯ ಮೂಲಕ ಬರುತ್ತದೆ. ಸುಮಾರು ಮೂರನೆಯ ಒಂದು ಭಾಗ ಮಕ್ಕಳಲ್ಲಿ ಹೊಸದಾಗಿಯೇ ಉಂಟಾಗುತ್ತದೆ. ಎರಡರಲ್ಲಿಯೂ ತಾಯಿಯ ತಪ್ಪಿಲ್ಲ. ಇದು ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ. ಆಕೆಗೆ ಬೇಕಾದುದು ನಿಂದೆಯಲ್ಲ, ಮನೆಯವರ ಆಸರೆ.