ಆಪರೇಷನ್ ಮುಂದಕ್ಕೆ ಹೋಯಿತೆಂದು ಸಿಡುಕುವ ಮಗನಿಗೆ



ನಿನ್ನೆ ಫೋನಿನಲ್ಲಿ ನೀನಾಡಿದ ಮಾತು ನಿನ್ನ ಈ ದೊಡ್ಡಮ್ಮನಿಗೆ ಹಿಡಿಸಲಿಲ್ಲ. ರಜೆ ಹಾಕಿ ಊರಿಗೆ ಬಂದಿದ್ದೀಯ, ಬಿ.ಪಿ. 200/110 ಇದೆಯೆಂದು ಕಣ್ಣಿನ ಪೊರೆಯ ಆಪರೇಷನ್ ಮಾಡದೆ ನಿಮ್ಮಮ್ಮನನ್ನು ವಾಪಸ್ ಕಳಿಸಿದರೆ ಸಿಟ್ಟು ಬರುವುದೇ. ಆದರೆ ನಾಲಿಗೆ ಕೆಳಗೆ ಏನೋ ಇಟ್ಟು ಇಳಿಸಿ ಅವತ್ತೇ ಮಾಡುವವರನ್ನು ಹುಡುಕುತ್ತೇನೆ ಅಂದೆಯಲ್ಲ, ಅದಕ್ಕೇ ಈ ಕಾಗದ.

ನಾನು ಥಿಯೇಟರ್ ಸಿಸ್ಟರ್ ಆಗಿ ಸೇರಿದ್ದು ಬೀಳಗಿಯ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳು ಊರೂರಲ್ಲಿ ಮಾತಾಗಿದ್ದ ಕಾಲದಲ್ಲಿ. ಆಗ ಕರಿಗುಡ್ಡೆಯ ಅಂಚಿನಲ್ಲಿ ಅರ್ಧ ಸುತ್ತು, ಹತ್ತು-ಹನ್ನೆರಡು ಮಿಲಿಮೀಟರ್ ಕೊಯ್ದು ಪೊರೆಯನ್ನು ಇಡಿಯಾಗಿ ತೆಗೆಯುತ್ತಿದ್ದರು. ಕಣ್ಣು ಅಷ್ಟು ತೆರೆದಿರುವಾಗ ಅಕ್ಷಿಪಟಲದ ಹಿಂದಿನ ರಕ್ತನಾಳ ಒಡೆದರೆ ಒಳಗಿನದೆಲ್ಲ ಗಾಯದ ಬಾಯಿಗೆ ನೂಕಿಕೊಂಡು ಬರುತ್ತದೆ. ಬಿ.ಪಿ. ಏರಿದವರಲ್ಲಿ ಆ ಭಯ ಹೆಚ್ಚು. ಅಪರೂಪವೇ, ಆದರೆ ಹಾಗಾದರೆ ಬಹುಪಾಲು ಆ ಕಣ್ಣು ಹೋದಂತೆಯೇ.

ಆ ಭಯಕ್ಕೇ ನಿಫೆಡಿಪಿನ್ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ನಾಲಿಗೆ ಕೆಳಗೆ ಹಿಂಡುವುದು ಆಗ ಎಲ್ಲೆಡೆ ರೂಢಿ. ನೋಡನೋಡುತ್ತಲೇ ಪಾದರಸ ಇಳಿಯುತ್ತಿತ್ತು, ಎಲ್ಲರಿಗೂ ಸಮಾಧಾನ. ಒಬ್ಬ ಅಜ್ಜನಿಗೆ ಇಳಿಯುವುದು ನಿಲ್ಲಲೇ ಇಲ್ಲ. ಬೆವರಿದರು, ಮಾತು ತೊದಲಿತು, ಎಡಗೈ ಮೇಲೇಳಲಿಲ್ಲ. ತಾವಾಗಿ ನಡೆದು ಬಂದಿದ್ದವರನ್ನು ಮಕ್ಕಳು ಎತ್ತಿಕೊಂಡು ಹೋದರು. ವರ್ಷಗಟ್ಟಲೆ ಏರಿದ ಒತ್ತಡಕ್ಕೆ ಒಗ್ಗಿದ ಮಿದುಳಿಗೆ, ಅದು ಏಕಾಏಕಿ ಇಳಿದರೆ, ರಕ್ತ ಸಾಲುವುದಿಲ್ಲ. ಇಂಥವು ದೇಶವಿದೇಶಗಳಲ್ಲಿ ವರದಿಯಾಗಿ, 1990ರ ದಶಕದಲ್ಲಿ ಆ ಪದ್ಧತಿ ಬಿಡಿ ಎಂದು ವೈದ್ಯಲೋಕವೇ ಎಚ್ಚರಿಸಿತು. ನೀನು ಹುಡುಕಲು ಹೊರಟಿರುವುದು ಅದನ್ನೇ.

ಈಗಿನ ಫೇಕೋ ವಿಧಾನದ ಪೊರೆ ಆಪರೇಷನ್ನಿನಲ್ಲಿ ಗಾಯ ಮೂರು ಮಿಲಿಮೀಟರೂ ಇಲ್ಲ, ಅಪಾಯ ಕಡಿಮೆ ಎಂಬ ನಿನ್ನ ವಾದ ಸರಿ. 180/110ರ ಒಳಗಿದ್ದರೆ ಸಾಮಾನ್ಯವಾಗಿ ಮುಂದೂಡುವುದೂ ಇಲ್ಲ. ತೀರ್ಮಾನ ನಿಮ್ಮಿಬ್ಬರದು, ನಾನು ಹೇಳಲು ಯಾರು? ಆದರೂ ಹೇಳುತ್ತೇನೆ. ಕಣ್ಣಿನ ಪರದೆ ಕಳಚಿದ್ದರೆ ಬೇರೆ ಮಾತು, ಅವಳ ಪೊರೆಗೆ ಅಂಥ ಅವಸರವಿಲ್ಲ. ಕೆಲವು ವಾರ ಅಮ್ಲೋಡಿಪಿನ್ ತಪ್ಪದೆ ನುಂಗಲಿ, ಸಾಲದಿದ್ದರೆ ಡಾಕ್ಟರು ಇನ್ನೊಂದು ಸೇರಿಸುತ್ತಾರೆ. ತಲೆ ಸುತ್ತುತ್ತಿಲ್ಲವೆಂದು ಮಾತ್ರೆ ಬಿಟ್ಟವಳು ಅವಳು, ಡಬ್ಬಿ ತುಂಬಿದ್ದರೂ ತೆರೆದು ನೋಡದವನು ನೀನು. ತಿಂಗಳಿಗೊಮ್ಮೆ ದುಡ್ಡು ಹಾಕಿದರೆ ಮುಗಿಯಿತೇನೋ? ಊಟಕ್ಕೆ ಹಪ್ಪಳ, ಉಪ್ಪಿನಕಾಯಿ ಬಡಿಸಿಕೊಳ್ಳುವಾಗಲಾದರೂ ಅವಳ ತಟ್ಟೆ ನೋಡಬೇಡವೇ?

ಇರಲಿ, ಹೆಚ್ಚು ಅಂದೆನೇನೋ. ನಿನ್ನ ಓಡಾಟ ನನಗೆ ಗೊತ್ತಿಲ್ಲದ್ದಲ್ಲ.

ಆಪರೇಷನ್ ದಿನ ಉಪವಾಸವೆಂದು ಬೆಳಗಿನ ಬಿ.ಪಿ. ಮಾತ್ರೆ ತಪ್ಪಿಸಬೇಡ. ಡಾಕ್ಟರು ಬೇಡವೆನ್ನದಿದ್ದರೆ ಒಂದು ಗುಟುಕು ನೀರಿನಲ್ಲಿ ನುಂಗಿಸು. ಶುಗರ್ ಮಾತ್ರೆಯದು ಬೇರೆ ಲೆಕ್ಕ, ಕೇಳಿಕೊ. ಪಾಪೆ ಹಿಗ್ಗಿಸುವ ಹನಿಯಲ್ಲಿ ಫಿನೈಲೆಫ್ರಿನ್ ಇದ್ದರೆ ಅದೂ ಒತ್ತಡ ಏರಿಸಬಹುದು, ಬಿ.ಪಿ. ಇದೆಯೆಂದು ಅಲ್ಲಿನ ಸಿಸ್ಟರಿಗೆ ಮೊದಲೇ ಹೇಳು. ಮೂತ್ರ ಕಟ್ಟಿಕೊಂಡು ಕೂತರೂ ಏರುತ್ತದೆ. ನಾಚಿಕೆಗೆ ಅವಳು ಬಾಯಿ ಬಿಡುವುದಿಲ್ಲ. ಅಳೆಯುವ ಮೊದಲು ನೀನೇ ಕಳಿಸು.

ಹೊಸ ತಾರೀಕು ಗೊತ್ತಾದ ಕೂಡಲೇ ತಿಳಿಸು. ಹಿಂದಿನ ದಿನವೇ ಬರುತ್ತೇನೆ. ಅವಳ ಜೊತೆ ನಾನು ಕೂರುತ್ತೇನೆ, ನೀನು ಬಿಲ್ ಕೌಂಟರ್ ನೋಡಿಕೊ.

ಇಂತಿ,
ನಿನ್ನ ದೊಡ್ಡಮ್ಮ