ಅವ್ವನಾಗಲು ಹೋಗಬೇಡ

ಹೊಸಪೇಟೆ

ಪ್ರೀತಿಯ ತಂಗೀ,

ನಮ್ಮೂರಿನ ಹೆಣ್ಣುಮಕ್ಕಳ ನಿಲಯಕ್ಕೆ ನೀನು ಪಾಲಕಿಯಾಗಿ ಬರುತ್ತಿದ್ದೀ ಎಂದು ನಿಮ್ಮಪ್ಪ ಹೇಳಿದರು. ಎಂ.ಎಸ್.ಡಬ್ಲ್ಯು. ಓದಿದವಳಿಗೆ ಇದೇನು ನೌಕರಿ, ಅದೂ ಹೊರಗುತ್ತಿಗೆ, ಸಂಬಳ ಯಾವ ತಿಂಗಳದ್ದು ಯಾವಾಗ ಬರುತ್ತದೋ ದೇವರಿಗೇ ಗೊತ್ತು ಎಂದು ಗೊಣಗಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ನನ್ನನ್ನು ಕಾಗದ ಬರೆಯಲು ಕೂರಿಸಿದ್ದು ಸಂಬಳದ ಮಾತಲ್ಲ, ನಿನ್ನ ಮಾತು. ‘ಆ ಮಕ್ಕಳಿಗೆಲ್ಲ ನಾನೇ ಅವ್ವ ಆಗ್ತೀನಿ’ ಅಂದೆಯಂತೆ. ಇದೇ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು ಹೇಳುತ್ತಿದ್ದೇನೆ, ಅದೊಂದು ಆಗಬೇಡ.

ಆ ಮಕ್ಕಳಿಗೆ ಅವ್ವ ಇದ್ದಾಳೆ. ಊರ ಜನ ಅನಾಥಾಶ್ರಮ ಅಂತ ಕರೆದರೂ ಒಳಗಿರುವ ಬಹುಪಾಲು ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರಾದರೂ ಇರುತ್ತಾರೆ. ಒಬ್ಬಳ ತಾಯಿ ಗುಳೆ ಹೋಗಿ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುತ್ತಾಳೆ. ಇನ್ನೊಬ್ಬಳ ತಾಯಿ ಕಂಪ್ಲಿ ಕಡೆ ಭತ್ತದ ನಾಟಿಗೆ, ಕಬ್ಬು ಕಡಿಯಲು ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗುತ್ತಿರುತ್ತಾಳೆ. ಮತ್ತೊಬ್ಬಳದು ಮುತ್ತು ಕಟ್ಟಿಸಿಕೊಂಡ ತಾಯಿ. ದೇವದಾಸಿ ಪದ್ಧತಿ ನಿಷೇಧಿಸಿ ಕಾಯ್ದೆ ಬಂದದ್ದು 1982ರಲ್ಲಿ. ಆದರೂ ಕೂಡ್ಲಿಗಿ, ಹೊಸಪೇಟೆ ಸೀಮೆಯ ಎಷ್ಟೋ ಹುಡುಗಿಯರು ಇವತ್ತಿಗೂ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲು ಬಂದಾಗ ಪೆನ್ನು ನಿಲ್ಲಿಸಿ ನಿನ್ನ ಮುಖ ನೋಡುತ್ತಾರೆ. ಆ ಹೊತ್ತಿಗೆ ಕರುಣೆಯ ಮುಖ ಮಾಡಬೇಡ. ‘ಅವ್ವನ ಹೆಸರು ಬರಿ, ನಾನು ಆಫೀಸಿನವರ ಹತ್ತಿರ ಮಾತಾಡ್ತೀನಿ’ ಅನ್ನು, ಅಂದಂತೆ ಹೋಗಿ ಮಾತಾಡು. ಇಂಥ ತಾಯಂದಿರ ಹೆಣ್ಣುಮಕ್ಕಳ ಓದಿಗಾಗಿ ನಮ್ಮೂರಲ್ಲೇ ಸಖಿ ಟ್ರಸ್ಟಿನ ಎಂ. ಭಾಗ್ಯಲಕ್ಷ್ಮಿಯವರು ವರ್ಷಗಟ್ಟಲೆ ದುಡಿದಿದ್ದಾರೆ. ಒಮ್ಮೆ ಅಲ್ಲಿಗೆ ಹೋಗಿ ಕೂತು ಬಾ. ಪುಸ್ತಕದಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ.

2011ರ ಜುಲೈ ನಿನಗೆ ನೆನಪಿರಲಿಕ್ಕಿಲ್ಲ, ನೀನಾಗ ಶಾಲೆಗೆ ಹೋಗುತ್ತಿದ್ದವಳು. ಆ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ. ಸಂತೋಷ ಹೆಗ್ಡೆಯವರ ಲೋಕಾಯುಕ್ತ ವರದಿ ಓದಿದವರು ಬೇರೆ ಮಾತಾಡಲಾರರು. ಆದರೆ ಸಂಡೂರಿನ ಗುಡ್ಡಗಳಲ್ಲಿ ಅದಿರು ಆರಿಸಿ ಕೂಲಿ ತರುತ್ತಿದ್ದ ಮನೆಗಳಿಗೆ ಮರುವಾರದ ಸಂತೆಗೆ ದುಡ್ಡಿರಲಿಲ್ಲ. ಲಾರಿಗೆ ಸಾಲ ಮಾಡಿದವರು ಊರು ಬಿಟ್ಟರು. ಅದೇ ತಿಂಗಳು ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಿ ಕೆಡವಿದರು. ಈಗ ನಿಲಯಕ್ಕೆ ಬರುವ ಮಕ್ಕಳ ತಾಯಂದಿರಲ್ಲಿ ಕೆಲವರು ಆಗ ಹತ್ತು ಹನ್ನೆರಡರ ಹುಡುಗಿಯರು. ಶಾಲೆ ಅಲ್ಲಿಗೇ ನಿಂತಿತು, ಹದಿನಾರಕ್ಕೆ ಮದುವೆಯಾಯಿತು, ಇಪ್ಪತ್ತಕ್ಕೆ ಗಂಡ ಬಿಟ್ಟ. ಕಚೇರಿಯ ಬಾಗಿಲಲ್ಲಿ ಹಳೆ ಸೀರೆಯ ಸೆರಗು ಹಿಡಿದು ನಿಂತ ತಾಯಿಯನ್ನು ಕಂಡಾಗ ಈ ಲೆಕ್ಕ ಮನಸ್ಸಿನಲ್ಲಿರಲಿ.

ನಿಲಯಗಳಲ್ಲಿ ನಾನು ಕೇಳಿದ ಅತಿ ಕೆಟ್ಟ ಮಾತಿನಲ್ಲಿ ಒಂದು ಬೈಗುಳವೂ ಇರಲಿಲ್ಲ. ‘ನಿಮ್ಮವ್ವ ನೆಟ್ಟಗಿದ್ದಿದ್ರ ನೀ ಯಾಕ ಇಲ್ಲಿಗೆ ಬರ್ತಿದ್ದಿ?’ ಇದನ್ನು ಹೇಳುವವರು ದುಷ್ಟರೇನಲ್ಲ, ಮಕ್ಕಳಿಗೆ ತಲೆ ಬಾಚಿ ಜಡೆ ಹಾಕುವ ಕೈಗಳೇ ಅವು. ತಾವು ಅವ್ವನ ಜಾಗದಲ್ಲಿ ಕೂರಬೇಕಾದರೆ ನಿಜವಾದ ಅವ್ವನನ್ನು ಅಲ್ಲಿಂದ ಎಬ್ಬಿಸಬೇಕಲ್ಲ, ಅದಕ್ಕೆ ಆ ಮಾತು ಬರುತ್ತದೆ. ಮಗು ಏನು ಮಾಡುತ್ತದೆ ಗೊತ್ತೇ? ನಿನ್ನ ಮುಂದೆ ತಲೆಯಾಡಿಸಿ, ರಾತ್ರಿ ಗೋಡೆ ಹತ್ತಿ ಓಡಿಹೋಗುತ್ತದೆ, ಅದೇ ಅವ್ವನ ಹತ್ತಿರಕ್ಕೆ.

ಕಾನೂನೂ ನಿನ್ನನ್ನು ಅವ್ವನಾಗು ಅನ್ನುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ. ಬಡತನವೊಂದೇ ಕಾರಣವಾಗಿದ್ದರೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂದು ತಿಂಗಳಿಗೆ 4,000 ರೂಪಾಯಿ ಕೊಟ್ಟು ಮಗುವನ್ನು ಮನೆಯಲ್ಲೇ ಉಳಿಸಲು ಅವಕಾಶವಿದೆ. ಗಂಡ ಸತ್ತ, ಗಂಡ ಬಿಟ್ಟ ತಾಯಂದಿರಿಗೇ ಇದು ಮೊದಲು ಸಲ್ಲಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಬರೆದುಕೊಡುವ ಕೆಲಸ ನಿನ್ನದಲ್ಲ ಎಂದು ಯಾರಾದರೂ ಹೇಳಿಯಾರು. ಬರೆದುಕೊಡು. ರುಮೇನಿಯಾದ ಬುಖಾರೆಸ್ಟಿನಲ್ಲಿ 2000ದ ಸುಮಾರಿಗೆ ಅನಾಥಾಲಯದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಪೋಷಕ ಕುಟುಂಬಗಳಿಗೆ ಕೊಟ್ಟು, ಉಳಿದವರ ಜೊತೆ ಹೋಲಿಸಿ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಎರಡು ವರ್ಷ ತುಂಬುವ ಮುಂಚೆಯೇ ಮನೆ ಸೇರಿದ ಮಕ್ಕಳು ಬುದ್ಧಿಯಲ್ಲೂ ಒಡನಾಟದಲ್ಲೂ ಮುಂದಿದ್ದರು. ನಮ್ಮ ನಿಲಯ ಎಷ್ಟೇ ಚೊಕ್ಕಟವಾಗಿರಲಿ, ಊಟಕ್ಕೆ ಗಂಟೆ ಬಾರಿಸುವ ಜಾಗ ಮನೆಯಾಗುವುದಿಲ್ಲ.

ಹಾಗಾದರೆ ನೀನು ಯಾರು ಅಲ್ಲಿ? ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಸಿಗುವ ದೊಡ್ಡವಳು. ಆ ಮಕ್ಕಳ ಬದುಕಿನಲ್ಲಿ ಪ್ರೀತಿ ತೋರಿಸಿದವರಿಗೇನೂ ಕೊರತೆ ಇರುವುದಿಲ್ಲ. ಕುಡಿದು ಬಂದ ಅಪ್ಪನೂ ಮುದ್ದು ಮಾಡಿರುತ್ತಾನೆ. ನಾಳೆ ಬರ್ತೀನಿ ಅಂದು ನಾಳೆಯೇ ಬಂದವರು ಕಡಿಮೆ. ಆದ್ದರಿಂದ ‘ನೋಡೋಣ’, ‘ಆಯ್ತು ಬಿಡು’ ಎಂಬ ಮಾತುಗಳನ್ನು ಬಿಟ್ಟುಬಿಡು. ಭಾನುವಾರ ಹತ್ತಕ್ಕೆ ಅವ್ವನಿಗೆ ಫೋನ್ ಹಚ್ಚಿಕೊಡ್ತೀನಿ ಅಂದರೆ ಹತ್ತಕ್ಕೆ ಹಚ್ಚಬೇಕು. ಆ ಕಡೆ ಯಾರೂ ಎತ್ತದಿದ್ದರೆ ಎತ್ತಲಿಲ್ಲ ಎಂದೇ ಹೇಳಿ, ಮತ್ತೆ ಯಾವಾಗ ಹಚ್ಚುತ್ತೀ ಎಂಬುದನ್ನೂ ಹೇಳಬೇಕು. ಆಗದ ಮಾತು ಕೊಡುವುದಕ್ಕಿಂತ ಆಗುವುದಿಲ್ಲ ಅನ್ನುವುದು ಮೇಲು. ಮಕ್ಕಳು ಒಂದು ಗಳಿಗೆ ಮುಖ ಊದಿಸಿಕೊಳ್ಳುತ್ತಾರೆ, ಅಷ್ಟೆ.

ಹೊಸ ಮಗು ಬರುವುದು ಹೆಚ್ಚಾಗಿ ರಾತ್ರಿ. ಹೌರಾದಿಂದ ವಾಸ್ಕೊಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಸ್ಟೇಷನ್ ಹಾಯ್ದೇ ಹೋಗುತ್ತದೆ. ಅಲ್ಲಿ ಇಳಿಸಿದ ಮಗುವಿಗೆ ಕನ್ನಡದ ಒಂದಕ್ಷರವೂ ಬಾರದಿರಬಹುದು. ಸಂಡೂರು ತಾಂಡಾದ ಮಗು ಲಂಬಾಣಿಯಲ್ಲಿ ಅಳುತ್ತದೆ, ಕಂಪ್ಲಿ ಕ್ಯಾಂಪಿನದು ತೆಲುಗಿನಲ್ಲಿ. ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎಂಬ ಆತುರದಲ್ಲಿ ಪೊಲೀಸರು, ಕಚೇರಿಯವರು ಕಾಗದದಲ್ಲಿ ಮುಳುಗಿರುತ್ತಾರೆ. ನೀನು ಮೊದಲು ಕಕ್ಕಸು ಎಲ್ಲಿದೆ ಅಂತ ತೋರಿಸು. ಇದನ್ನು ಯಾರೂ ತೋರಿಸುವುದಿಲ್ಲ, ಬೆಳಿಗ್ಗೆ ಹಾಸಿಗೆ ಒದ್ದೆಯಾದರೆ ಗದರುತ್ತಾರೆ. ಆಮೇಲೆ ಊಟ, ಆಮೇಲೆ ನಿನ್ನ ಹೆಸರು, ರಾತ್ರಿ ನೀನು ಯಾವ ಕೋಣೆಯಲ್ಲಿ ಮಲಗಿರುತ್ತೀ ಎಂಬುದು. ಹೇನಿದೆ ಅಂತ, ಅವಳನ್ನು ಕೇಳದೆ ಕೂದಲು ಕತ್ತರಿಸಬೇಡ. ಹಳೆಯ ಬಟ್ಟೆ ಎಷ್ಟೇ ನಾರುತ್ತಿರಲಿ, ಎಸೆಯಬೇಡ. ಒಗೆದು ಮಡಿಚಿ ಅವಳ ಪೆಟ್ಟಿಗೆಯಲ್ಲಿಡು.

ನಾಲ್ಕು ದಿನ ಕಳೆದ ಮೇಲೆ ತಲೆದಿಂಬಿನ ಕೆಳಗೆ ಕೈಹಾಕಿದರೆ ಒಣಗಿದ ರೊಟ್ಟಿ ಚೂರು, ಕಪ್ಪಾದ ಬಾಳೆಹಣ್ಣು ಸಿಗುತ್ತದೆ, ಇರುವೆ ಮುತ್ತಿರುತ್ತದೆ. ಅದನ್ನು ಕಳ್ಳತನ ಅನ್ನುವವರಿದ್ದಾರೆ. ನಾಳೆಗೆ ಊಟ ಉಂಟೋ ಇಲ್ಲವೋ ಎಂಬ ಹಳೆಯ ಲೆಕ್ಕ ಅದು. ಮುಚ್ಚಳವಿರುವ ಒಂದು ಡಬ್ಬಿ ಕೊಡು, ದಿನಾ ಸಂಜೆ ಅದರಲ್ಲಿ ಎರಡು ಬಿಸ್ಕತ್ತು ಹಾಕು. ಕೆಲವು ವಾರಕ್ಕೆ ಡಬ್ಬಿ ತುಂಬಿಯೇ ಉಳಿಯತೊಡಗುತ್ತದೆ, ಆಮೇಲೆ ಅವಳೇ ಅದರಲ್ಲಿ ಬಳೆ ಇಟ್ಟುಕೊಳ್ಳುತ್ತಾಳೆ.

ಬಾಲ್ಯವಿವಾಹ ನಿಲ್ಲಿಸಿ ಕರೆತಂದ ಹುಡುಗಿಯ ಕಥೆಯೇ ಬೇರೆ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿರುತ್ತಾರೆ, ಕೈಯಲ್ಲಿ ಅರಿಶಿನ ಮಾಸುವ ಮುಂಚೆ ಅವಳು ನಿನ್ನ ಮುಂದೆ ಕೂತಿರುತ್ತಾಳೆ. ಬಿಡಿಸಿದ್ದಕ್ಕೆ ಕೃತಜ್ಞತೆ ನಿರೀಕ್ಷಿಸಬೇಡ, ಸಿಟ್ಟು ಬರುತ್ತದೆ. ತಟ್ಟೆ ಎಸೆದಾಳು. ಕೈ ಮಾತ್ರ ಎತ್ತಬೇಡ. ನಿಲಯದಲ್ಲಿ ಹೊಡೆಯುವುದು ಬಾಲ ನ್ಯಾಯ ಕಾಯ್ದೆಯ 82ನೇ ಕಲಮಿನಂತೆ ಅಪರಾಧ. ಅದು ಹೋಗಲಿ ಎಂದರೂ, ಹೊಡೆತ ಅವಳಿಗೆ ನಿನಗಿಂತ ಚೆನ್ನಾಗಿ ಗೊತ್ತು, ನಿನ್ನಿಂದ ಹೊಸದೇನೂ ಕಲಿಯುವುದಿಲ್ಲ. ತಟ್ಟೆ ಚೂರನ್ನು ಇಬ್ಬರೂ ಕೂಡಿ ಗುಡಿಸಿ, ಇನ್ನೊಂದು ತಟ್ಟೆಯಲ್ಲಿ ಬಡಿಸು.

ಈಗ ಎಲ್ಲಕ್ಕಿಂತ ಕಷ್ಟದ್ದು. ದೀಪ ಆರಿದ ಮೇಲೆ ಒಬ್ಬಳು ಬಂದು, ‘ಅಕ್ಕಾ, ಒಂದು ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಆಣೆ ಮಾಡು’ ಅನ್ನುತ್ತಾಳೆ. ಅವ್ವನಾಗಲು ಬಂದವಳು ಆಣೆ ಮಾಡಿಬಿಡುತ್ತಾಳೆ. ನೀನು ಮಾಡಬೇಡ. ‘ನಿನಗೆ ಯಾರಾದರೂ ತೊಂದರೆ ಕೊಟ್ಟಿದ್ದರೆ ಅದನ್ನು ನಿಲ್ಲಿಸುವವರಿಗೆ ನಾನು ಹೇಳಲೇಬೇಕು. ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲೇ ತಿಳಿಸ್ತೀನಿ’ ಅನ್ನು. ಅವಳು ಎದ್ದು ಹೋಗಬಹುದು. ಬಹಳ ಸಲ ಮರುರಾತ್ರಿ ಬರುತ್ತಾಳೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕೂ ವರದಿ ಮಾಡದಿದ್ದರೆ 2012ರ ಪೋಕ್ಸೊ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಸಜೆ ಇದೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಅವಳು ಆಡಿದ್ದನ್ನು ಅವಳ ಮಾತಿನಲ್ಲೇ ಬರೆದಿಡು, ತಿದ್ದಬೇಡ. ಕೆದಕಿ ಕೆದಕಿ ಕೇಳಬೇಡ, ಕೇಳಲು ಬೇರೆಯವರಿದ್ದಾರೆ. ದೂರು ಹೇಳಿರುವುದು ನಿಮ್ಮಲ್ಲೇ ಒಬ್ಬರ ಮೇಲಾದರೆ ‘ಸಂಸ್ಥೆಯ ಹೆಸರು ಕೆಡ್ತದೆ’ ಎಂಬ ಮಾತು ಬರುತ್ತದೆ. ಬಂದೇ ಬರುತ್ತದೆ. ಅವತ್ತೇ ಸಮಿತಿಗೂ ಪೊಲೀಸರಿಗೂ ತಿಳಿಸು. ಕೆಲಸ ಹೋದರೆ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ.

ಹಂಪಿ ಕೂಗಳತೆಯಲ್ಲಿರುವುದರಿಂದ ನಮಗೆ ಇನ್ನೊಂದು ಕಾಟ. ವಿರೂಪಾಕ್ಷನ ದರ್ಶನ ಮುಗಿಸಿದವರು, ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡವರು ಸಂಜೆಗೆ ಕೇಕ್ ಹಿಡಿದುಕೊಂಡು ಬರುತ್ತಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುತ್ತಾರೆ, ಮೊಬೈಲ್ ಎತ್ತುತ್ತಾರೆ. ಅಕ್ಕಿ ಚೀಲ ತಂದಿದ್ದರೆ ಇಳಿಸಿಕೊ, ರಸೀದಿ ಕೊಡು, ನಮಸ್ಕಾರ ಹೇಳು. ಮಗುವಿನ ಗುರುತು ಬಯಲಾಗುವಂತೆ ಫೋಟೊ ಪ್ರಕಟಿಸಿದರೆ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದನ್ನೊಂದು ಬೋರ್ಡಿನಲ್ಲಿ ಬರೆಸಿ ಬಾಗಿಲಿಗೆ ಹಾಕಿಸು, ಆಗ ಬಾಯಿಬಿಟ್ಟು ಬೇಡ ಅನ್ನುವ ಮುಜುಗರ ತಪ್ಪುತ್ತದೆ. ಹೊರದೇಶದವರು ಎರಡು ವಾರ ಸೇವೆ ಮಾಡಿ, ಮಕ್ಕಳನ್ನು ತಬ್ಬಿ ಅತ್ತು, ವಿಮಾನ ಹತ್ತುವುದೂ ಉಂಟು. ಅನಾಥಾಲಯ ಪ್ರವಾಸದ ಕೇಡಿನ ಬಗ್ಗೆ 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಎಚ್ಚರಿಸಿತು. ಅವರು ಹೋದ ಮೇಲಿನ ವಾರ ಮಕ್ಕಳು ಕಾರಣವಿಲ್ಲದೆ ಜಗಳವಾಡುವುದನ್ನು ನೋಡಿದವರಿಗೆ ಆ ಎಚ್ಚರಿಕೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೀನೂ ಕೆಲಸ ಬಿಡುವ ದಿನ ಬಂದರೆ ಮುಂಚಿತವಾಗಿ ಹೇಳಿ, ಎಲ್ಲರಿಗೂ ಮುಖ ಕೊಟ್ಟು ಹೋಗು. ಹಬ್ಬದ ರಜೆಯ ನೆಪದಲ್ಲಿ ಮಾಯವಾಗಬೇಡ.

ಜಿಲ್ಲೆ ಒಡೆದ ಮೇಲೆ ಕಡತದ ಫಜೀತಿಯೂ ಸೇರಿಕೊಂಡಿದೆ. 2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ, ಸಂಡೂರು, ಕಂಪ್ಲಿ ಬಳ್ಳಾರಿಗೆ. ಕಂಪ್ಲಿಯ ಹುಡುಗಿ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಇಲ್ಲಿಯ ಸಮಿತಿಯ ಮುಂದೆ ನಿಲ್ಲುತ್ತಾಳೆ, ಅವಳ ಮನೆಯ ವಿಚಾರಣೆಗೆ ಆ ಜಿಲ್ಲೆಗೆ ಬರೆಯಬೇಕು. ಸಾಮಾಜಿಕ ತನಿಖೆ ಹದಿನೈದು ದಿನದಲ್ಲಿ ಮುಗಿಯಬೇಕು, ಅಂತಿಮ ಆದೇಶ ನಾಲ್ಕು ತಿಂಗಳೊಳಗೆ ಬರಬೇಕು ಎಂದು ಕಾಯ್ದೆ ಹೇಳುತ್ತದೆ. ಮೂವತ್ತು ಕಿಲೋಮೀಟರ್ ಆಚೆಯ ಮನೆಗೆ ಹೋಗಿಬರಲು ಅರ್ಧ ದಿನ ಸಾಕು, ಪತ್ರ ಹೋಗಿಬರಲು ಮಾತ್ರ ತಿಂಗಳುಗಳು ಬೇಕಾಗುತ್ತವೆ. ಹೋಗುವ ಅಧಿಕಾರ ನಿನಗಿಲ್ಲದಿದ್ದರೂ ಜ್ಞಾಪನ ಪತ್ರ ಬರೆಸುವ ಬಾಯಿ ಇದೆ. ಪ್ರತಿ ವಾರ ಕೇಳು, ಕಾಟ ಅನ್ನಿಸಿಕೊಳ್ಳುವಷ್ಟು ಕೇಳು.

ಹದಿನೆಂಟು ತುಂಬುವವರ ಬಗ್ಗೆ ಹದಿನೈದಕ್ಕೇ ಯೋಚನೆ ಶುರುವಾಗಬೇಕು. ಮೇಣದಬತ್ತಿ ಆರಿಸಿ ಕೇಕ್ ತಿನ್ನಿಸಿದ ಮರುದಿನ ಬ್ಯಾಗು ಹಿಡಿಸಿ ಕಳಿಸಿದ್ದನ್ನು ಕಂಡಿದ್ದೇನೆ. ಅದೇ ಕಾಯ್ದೆಯ 46ನೇ ಕಲಮು ಆಮೇಲೂ ನೆರವು ಕೊಡಬಹುದು ಅನ್ನುತ್ತದೆ, ಇಪ್ಪತ್ತೊಂದರವರೆಗೆ ಅನುಪಾಲನೆಗೆ ದಾರಿ ಇದೆ. ಕೇಳಿದವರಿಗೆ ಸಿಗುತ್ತದೆ. ಕೈಯಲ್ಲೊಂದು ವಿದ್ಯೆ ಇದ್ದರೆ ಇನ್ನೂ ವಾಸಿ. ಗದುಗಿನ ವೀರೇಶ್ವರ ಪುಣ್ಯಾಶ್ರಮ ನೋಡು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ದಿಕ್ಕಿಲ್ಲದವರಿಗೆ ಅನ್ನ ಹಾಕಿದ್ದಷ್ಟೇ ಅಲ್ಲ, ಸಂಗೀತ ಕೊಟ್ಟರು. ಅಲ್ಲಿಂದ ಹೊರಬಿದ್ದವರು ಹಾರ್ಮೋನಿಯಂ, ತಬಲಾ ನಂಬಿ ಬದುಕಿದರು. ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ. ಹುಡುಗಿಯ ಅಜ್ಜಿಗೆ ಬರುವ ಹೊಲಿಗೆಯನ್ನು ಬಿಟ್ಟು ನಾವು ಎಲ್ಲರಿಗೂ ಒಂದೇ ಟೈಲರಿಂಗ್ ಕೋರ್ಸ್ ಯಾಕೆ ಹಚ್ಚುತ್ತೇವೋ ನನಗೆ ಇನ್ನೂ ಅರ್ಥವಾಗಿಲ್ಲ. ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಅವಳ ಕೈಗೇ ಕೊಟ್ಟು ಕಳಿಸು, ಕಚೇರಿಯ ಕಪಾಟಿನಲ್ಲಿ ಉಳಿಯದಿರಲಿ.

ಸೋಮವಾರ ಹಾಜರಾದ ಕೂಡಲೇ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಭಾಷಣ ಮಾಡಬೇಡ. ಅಡುಗೆಯಾಕೆಯ ಹತ್ತಿರ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸು. ಯಾರು ಅನ್ನ ಬಿಡುತ್ತಾರೆ, ಯಾರು ಎರಡು ಸಲ ಹಾಕಿಸಿಕೊಳ್ಳುತ್ತಾರೆ, ಭೇಟಿಯ ದಿನ ಯಾರಿಗೆ ಯಾರೂ ಬರುವುದಿಲ್ಲ ಎಂಬುದೆಲ್ಲ ಆಕೆಗೆ ಗೊತ್ತಿರುತ್ತದೆ, ಆಕೆಯನ್ನು ಯಾರೂ ಕೇಳಿರುವುದಿಲ್ಲ. ದಾಸ್ತಾನು ಪುಸ್ತಕ ಮುಂದಿಟ್ಟು ಸಹಿ ಹಾಕು ಅಂದರೆ ಬೇಳೆ ಚೀಲ ತೂಗಿಸಿ ನೋಡಿದ ಮೇಲೆ ಹಾಕು.

ಇಂತಿ,
ನಿಮ್ಮಪ್ಪನ ಹಳೆಯ ನೆರೆಮನೆಯಾಕೆ