ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು?

ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ದುಡ್ಡಿನ ಮಾತೇ ಆಡಿವೆ. ತಿಂಗಳಿಗಿಷ್ಟು ಎಂದು ಕೊಟ್ಟು ಹೊರಗಿನವರಿಂದ ಸೈಬರ್ ಕಾವಲು ಹಾಕಿಸಬೇಕೇ, ಹಾಕಿಸಿದರೆ ಎಷ್ಟು ಕೊಡುವುದು ನ್ಯಾಯ? ಐದು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ವಾಹನದ ಬಿಡಿಭಾಗ ಮಾಡುವ ಕಾರ್ಖಾನೆ. ಆಫೀಸು, ಡಿಸೈನ್ ವಿಭಾಗ, ಸಿಎನ್‌ಸಿ ಎಲ್ಲ ಸೇರಿ 40 ಸಿಸ್ಟಂ ಇವೆ. ಒಂದು ಕಂಪನಿಯವರು 24 ಗಂಟೆ ನಿಗಾ ಇಡುತ್ತೇವೆ, ಸಿಸ್ಟಂ ಒಂದಕ್ಕೆ ತಿಂಗಳಿಗೆ 900 ರೂಪಾಯಿ ಎಂದು ಕೊಟೇಶನ್ ಕೊಟ್ಟಿದ್ದಾರೆ. ಆ್ಯಂಟಿವೈರಸ್‌ಗೆ ವರ್ಷವರ್ಷವೂ ದುಡ್ಡು ಕಟ್ಟುತ್ತಿರುವಾಗ ಇದು ಹಗಲುದರೋಡೆ ಎನ್ನುತ್ತಾನೆ ನನ್ನ ತಮ್ಮ. (ಬೆಂಗಳೂರು)

ಉತ್ತರ: ನಿಮ್ಮ ತಮ್ಮನ ಸಿಟ್ಟು ನ್ಯಾಯವಾದದ್ದೇ. ಮೊದಲು ಲೆಕ್ಕ ಬರೆಯೋಣ. 40 ಸಿಸ್ಟಂಗೆ ತಿಂಗಳಿಗೆ 36,000 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿ 42,480. ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್‌ನಲ್ಲಿ ವಾಪಸು ಬಂತು ಎಂದಿಟ್ಟುಕೊಂಡರೂ ವರ್ಷಕ್ಕೆ ಕೈಯಿಂದ ಹೋಗುವುದು 4,32,000. ಈಗ ಅದೇ ಕೆಲಸಕ್ಕೆ ನಿಮ್ಮದೇ ಜನ ಇಡಿ ನೋಡೋಣ. ವಾರಕ್ಕೆ 168 ಗಂಟೆ. ಒಬ್ಬ 48 ಗಂಟೆ ಕೂತರೂ ಮೂರೂವರೆ ಜನ ಬೇಕು. ರಜೆ, ಜ್ವರ, ಮದುವೆ-ಮುಂಜಿ ಎಲ್ಲ ಹಿಡಿದರೆ ಐವರು. ತಲೆಗೆ 40,000 ಸಂಬಳ ಎಂದರೂ ತಿಂಗಳಿಗೆ ಎರಡು ಲಕ್ಷ ಆಯಿತು. ಆ ಸಂಬಳಕ್ಕೆ ರಾತ್ರಿ ಪಾಳಿ ಕೂರುವ ಹುಡುಗ ಕೆಲಸ ಕಲಿತ ಆರು ತಿಂಗಳಿಗೆ ಔಟರ್ ರಿಂಗ್ ರೋಡಿನ ಯಾವುದೋ ಐಟಿ ಕಂಪನಿಗೆ ಹಾರಿರುತ್ತಾನೆ, ಆ ಮಾತು ಬೇರೆ.

ಆ್ಯಂಟಿವೈರಸ್ ಇದ್ದ ಮೇಲೆ ಇದೇಕೆ ಎಂಬುದಕ್ಕೆ ನಾನೇ ಕಂಡದ್ದೊಂದು ಹೇಳುತ್ತೇನೆ. ಊರು, ಹೆಸರು ಬೇಡ. ಒಂದು ಪ್ರಿಂಟಿಂಗ್ ಪ್ರೆಸ್. ಒಳ್ಳೆಯ ಸಾಫ್ಟ್‌ವೇರನ್ನೇ ಹಾಕಿಸಿದ್ದರು. ಶನಿವಾರ ರಾತ್ರಿ 11.40ಕ್ಕೆ, ಸರ್ವರ್‌ನಲ್ಲಿ ಯಾರೋ ಹೊಸ ಅಡ್ಮಿನ್ ಖಾತೆ ತೆರೆದಿದ್ದಾರೆ ಎಂದು ಆ ಸಾಫ್ಟ್‌ವೇರ್ ಸರಿಯಾಗಿಯೇ ಗುರುತಿಸಿ ಮೇಲ್ ಕಳಿಸಿತ್ತು. ಮೇಲ್ ಹೋದದ್ದು ಅಕೌಂಟೆಂಟ್ ಇನ್‌ಬಾಕ್ಸಿಗೆ. ಸೋಮವಾರ ಬೆಳಿಗ್ಗೆ ಅವರು ಚಹಾ ಕುಡಿದು ಬಂದು ಮೇಲ್ ತೆರೆಯುವ ಹೊತ್ತಿಗೆ ಮದುವೆ ಕಾರ್ಡಿನಿಂದ ಹಿಡಿದು ಶಾಲಾ ಡೈರಿಯವರೆಗೆ ಒಂದು ಫೈಲೂ ತೆರೆಯುತ್ತಿರಲಿಲ್ಲ. ಅಕೌಂಟೆಂಟ್ ನನ್ನ ಮುಂದೆ ಆ ಮೇಲ್ ತೆಗೆದು ತೋರಿಸಿದರು. ಅದರ ಮೇಲೆ, ಕೆಳಗೆ ಕ್ರೆಡಿಟ್ ಕಾರ್ಡ್ ಆಫರುಗಳು. ಗಂಟೆ ಬಾರಿಸಿತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ. ತಿಂಗಳ ಶುಲ್ಕ ಕೊಡುವುದು ಆ ಕಿವಿಗೆ.

ಕಳ್ಳರಿಗೂ ಕ್ಯಾಲೆಂಡರ್ ಓದಲು ಬರುತ್ತದೆ. ಪುಣೆಯ ಕಾಸ್ಮಾಸ್ ಬ್ಯಾಂಕಿನಿಂದ 94 ಕೋಟಿ ರೂಪಾಯಿ ದೋಚಿದ ಪ್ರಕರಣದಲ್ಲಿ 28 ದೇಶಗಳ ಎಟಿಎಂಗಳಿಂದ ಹಣ ತೆಗೆದದ್ದು 2018ರ ಆಗಸ್ಟ್ 11ರಂದು. ಅದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ.

ಹಾಗೆಂದು 900 ರೂಪಾಯಿ ಸರಿ ಎಂದು ನಾನು ಹೇಳಿದಂತಾಗಲಿಲ್ಲ. ಕೊಟೇಶನ್‌ನಲ್ಲಿ ಒಂದು ಸಾಲು ಹುಡುಕಿ: ಅಪಾಯ ಕಂಡಾಗ ಅವರೇ ಆ ಸಿಸ್ಟಂನ ನೆಟ್‌ವರ್ಕ್ ಕಡಿದು ಹಾಕುತ್ತಾರೋ ಅಥವಾ ನಿಮಗೆ ಮೇಲ್ ಹಾಕಿ ಕೈ ತೊಳೆದುಕೊಳ್ಳುತ್ತಾರೋ? ಮೇಲ್ ಮಾತ್ರ ಎಂದಾದರೆ 300 ರೂಪಾಯಿಯೂ ದಂಡ. ಆ ಮೇಲ್ ನಿಮ್ಮ ಅಕೌಂಟೆಂಟಿಗೇ ಬರುವುದು. ಆಮೇಲೆ, ದಾಳಿ ಆದ ದಿನ ಬಂದು ಕೆಲಸ ಮಾಡುವುದಕ್ಕೆ ಗಂಟೆಗಿಷ್ಟು ಎಂದು ಬೇರೆ ಬಿಲ್ ಹಾಕುತ್ತಾರೆಯೇ ಎಂದು ಕೇಳಿ. ಕೊಟೇಶನ್‌ನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇನ್ನೊಂದು ಮಾತು: ನಿಮ್ಮ ಸಿಎನ್‌ಸಿ ಯಂತ್ರಗಳ ಹಿಂದಿರುವ ಹಳೇ ವಿಂಡೋಸ್ ಸಿಸ್ಟಂಗಳಲ್ಲಿ ಅವರ ಸಾಫ್ಟ್‌ವೇರ್ ಕೂರುವುದೇ ಅನುಮಾನ. ಅವನ್ನು ಆಫೀಸ್ ನೆಟ್‌ವರ್ಕಿನಿಂದ ಬೇರೆ ಮಾಡಿಸಿ, ಇಂಟರ್ನೆಟ್ ತೆಗೆಸಿ. 40 ಎಂಬ ಸಂಖ್ಯೆ ಆಗ ತಾನೇ ಇಳಿಯುತ್ತದೆ. ಮಾತುಕತೆಗೆ ಕೂರುವುದು ಅದಾದ ಮೇಲೆ.

ಪ್ರಶ್ನೆ: ನಮ್ಮದು ಅಡಿಕೆ, ಕಾಳುಮೆಣಸಿನ ವ್ಯಾಪಾರ. ನಾಲ್ಕು ಕಂಪ್ಯೂಟರ್, ಟ್ಯಾಲಿ, ಇಬ್ಬರು ಗುಮಾಸ್ತರು. ಹುಬ್ಬಳ್ಳಿಯಿಂದ ಬಂದ ಸೇಲ್ಸ್‌ನವರು ನಮಗೂ ಇಂಥ ಸೇವೆ ಬೇಕೇಬೇಕು ಎನ್ನುತ್ತಾರೆ. (ಶಿರಸಿ)

ಉತ್ತರ: ಬೇಡ. ಆ ದುಡ್ಡಿನಲ್ಲಿ ಎರಡು ಹೊರ ಹಾರ್ಡ್‌ಡಿಸ್ಕ್ ತನ್ನಿ. ಪ್ರತಿದಿನ ಅಂಗಡಿ ಮುಚ್ಚುವ ಮುಂಚೆ ಟ್ಯಾಲಿ ಬ್ಯಾಕಪ್ ಒಂದಕ್ಕೆ ಹಾಕಿ, ಹಾಕಿದ ಕೂಡಲೇ ತಂತಿ ಕಿತ್ತು ಕಪಾಟಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟ ಡಿಸ್ಕು ರಾನ್ಸಮ್‌ವೇರ್‌ಗೆ ಊಟದ ಜೊತೆ ಪಾಯಸ. ವಾರಕ್ಕೊಮ್ಮೆ ಡಿಸ್ಕು ಬದಲಾಯಿಸಿ, ಒಂದು ಯಾವಾಗಲೂ ಮನೆಯಲ್ಲಿರಲಿ. ಮೇಲ್ ಖಾತೆಗೆ ಎರಡು ಹಂತದ ಲಾಗಿನ್ ಹಾಕಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ನಿಮ್ಮಲ್ಲಿ ಅದೇ ಇದ್ದರೆ ಮೊದಲ ಖರ್ಚು ಅಲ್ಲಿಗೆ.

ನಿಮ್ಮಂಥ ವ್ಯಾಪಾರಕ್ಕೆ ನಿಜವಾಗಿ ಹೊಡೆತ ಬೀಳುವುದು ಬೇರೆ ಕಡೆ. ಖಾಯಂ ಪಾರ್ಟಿಯ ಹೆಸರಲ್ಲಿ, 'ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ' ಎಂದು ಮೇಲೋ ವಾಟ್ಸ್ಆ್ಯಪ್ಪೋ ಬರುತ್ತದೆ. ಅದನ್ನು ಯಾವ ಕಾವಲು ಕಂಪನಿಯೂ ತಡೆಯಲಾರದು. ಹೊಸ ಖಾತೆಗೆ ಹಣ ಹಾಕುವ ಮುನ್ನ ನಿಮ್ಮ ಹಳೇ ಡೈರಿಯಲ್ಲಿರುವ ನಂಬರಿಗೆ ಫೋನ್ ಮಾಡಿ ಅವರ ದನಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಪಾರ್ಟಿ ಜೊತೆ ಜಗಳ ಆಮೇಲೆ. ಬೇಗ ತಿಳಿಸಿದರೆ ಮಾತ್ರ ಹಣ ಬ್ಯಾಂಕಿನಲ್ಲೇ ತಡೆಯುವ ಅವಕಾಶ.

ಪ್ರಶ್ನೆ: ನಾನೊಂದು ಪಟ್ಟಣ ಸಹಕಾರಿ ಬ್ಯಾಂಕಿನ ನಿರ್ದೇಶಕ. ನಮ್ಮ ಸಾಫ್ಟ್‌ವೇರ್, ಸರ್ವರ್ ಎಲ್ಲ ಹೊರಗಿನ ಕಂಪನಿಯದ್ದು. ಕಳ್ಳತನ ಆದರೆ ಅವರ ಮನೆಯಲ್ಲಿ. ಕಾವಲಿಗೆ ನಾವು ಬೇರೆ ದುಡ್ಡು ಏಕೆ ಕೊಡಬೇಕು ಎಂಬ ಪ್ರಶ್ನೆ ಆಡಳಿತ ಮಂಡಳಿಯಲ್ಲಿ ಬಂದಿದೆ. (ಬೆಳಗಾವಿ)

ಉತ್ತರ: 2024ರ ಜುಲೈ ಕೊನೆಯಲ್ಲಿ ಏನಾಯಿತೆಂದು ಮಂಡಳಿಗೆ ನೆನಪಿಸಿ. ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಕಂಪನಿಯ ಮೇಲೆ ರಾನ್ಸಮ್‌ವೇರ್ ದಾಳಿ ಆಯಿತು. ಹರಡದಿರಲಿ ಎಂದು ಯುಪಿಐ ನಡೆಸುವ ಎನ್‌ಪಿಸಿಐ ಆ ಕಂಪನಿಯನ್ನು ಪಾವತಿ ಜಾಲದಿಂದಲೇ ಬೇರೆ ಮಾಡಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಇಲ್ಲ, ಎಟಿಎಂ ಇಲ್ಲ. ಕಳ್ಳತನ ಅವರ ಮನೆಯಲ್ಲೇ ಆದದ್ದು. ಬೈಸಿಕೊಂಡದ್ದು ನಿಮ್ಮಂಥವರ ಕೌಂಟರಿನ ಹುಡುಗಿ.

ಆದರೂ ನಿಮ್ಮ ಮಂಡಳಿಯ ಪ್ರಶ್ನೆಯಲ್ಲಿ ಹುರುಳಿದೆ. ಸರ್ವರಿನ ಕಾವಲಿಗೆ ಎರಡು ಸಲ ದುಡ್ಡು ಕೊಡಬೇಡಿ. ಆ ಕಂಪನಿ ಜೊತೆಗಿನ ಒಪ್ಪಂದ ತೆಗೆದು, ಕಾವಲು ಯಾರದ್ದು, ತೊಂದರೆಯಾದರೆ ಎಷ್ಟು ಹೊತ್ತಿನೊಳಗೆ ನಿಮಗೆ ಹೇಳಬೇಕು ಎಂದು ಬರೆದಿದೆಯೇ ನೋಡಿ. ನಿಮ್ಮ ಪಾಲಿಗೆ ಉಳಿಯುವುದು ಶಾಖೆಗಳ ಸಿಸ್ಟಂಗಳು, ಮೇಲ್, ಸಿಬ್ಬಂದಿ ಪಾಸ್‌ವರ್ಡ್. ಪಟ್ಟಣ ಸಹಕಾರಿ ಬ್ಯಾಂಕುಗಳನ್ನು ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ ಸುತ್ತೋಲೆಯಲ್ಲಿ ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಸೈಬರ್ ಭದ್ರತಾ ಕಾರ್ಯಕೇಂದ್ರ ಬೇಕೆಂದಿರುವುದು ನಾಲ್ಕನೇ ಹಂತದವರಿಗೆ. ನೀವು ಯಾವ ಹಂತ ಎಂದು ತಿಳಿದುಕೊಂಡು ಕೊಳ್ಳಿ. ಒಂದನೇ ಹಂತದವರಿಗೆ ನಾಲ್ಕನೇ ಹಂತದ ಪ್ಯಾಕೇಜ್ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ: ನಮ್ಮ ಆಸ್ಪತ್ರೆಗೆ ಮೂರು ವರ್ಷದಿಂದ ಇಂಥ ಸೇವೆ ಇದೆ. ಈವರೆಗೆ ಏನೂ ಆಗಿಲ್ಲ. 'ಏನೂ ಆಗದಿರುವುದಕ್ಕೆ ಲಕ್ಷಗಟ್ಟಲೆ ಏಕೆ ಕೊಡಬೇಕು' ಎಂದು ಪಾಲುದಾರ ಡಾಕ್ಟರು ಕೇಳುತ್ತಾರೆ. ಕಂಪನಿ ಕಳಿಸುವ ವರದಿಯಲ್ಲಿ ತಿಂಗಳಿಗೆ ಎರಡು ಲಕ್ಷ ದಾಳಿ ತಡೆದಿದ್ದೇವೆ ಎಂದಿರುತ್ತದೆ. (ಮಂಗಳೂರು)

ಉತ್ತರ: ಎರಡು ಲಕ್ಷ ದಾಳಿ ಎಂಬುದು ಬಾಗಿಲ ಮುಂದೆ ಹಾದುಹೋದವರನ್ನೆಲ್ಲ ಕಳ್ಳರೆಂದು ಎಣಿಸಿದ ಲೆಕ್ಕ. ಅಂಥ ವರದಿ ಪಕ್ಕಕ್ಕಿಡಿ. ಈ ತಿಂಗಳು ನಮ್ಮ ಸಿಸ್ಟಂಗಳಲ್ಲಿ ನಿಮ್ಮ ಮನುಷ್ಯರು ಕೈಹಾಕಿ ನೋಡಬೇಕಾದ ಅಲರ್ಟ್ ಎಷ್ಟು, ಪ್ರತಿಯೊಂದಕ್ಕೂ ಎಷ್ಟು ನಿಮಿಷದಲ್ಲಿ ಸ್ಪಂದಿಸಿದಿರಿ, ಏನು ಮಾಡಿದಿರಿ ಎಂದು ಕೇಳಿ. ಹತ್ತೇ ಇರಲಿ, ವಿವರ ಇದ್ದರೆ ಅದು ಕೆಲಸ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಒಂದಿದೆ. ಕಂಪನಿಯ ಮೇಲಿನವರೊಬ್ಬರಿಗೆ ಮಾತ್ರ ತಿಳಿಸಿ, ಒಂದು ಭಾನುವಾರ ರಾತ್ರಿ ನಿಮ್ಮ ಐಟಿ ಹುಡುಗನಿಂದ ಬಿಲ್ಲಿಂಗ್ ಸಿಸ್ಟಂನಲ್ಲಿ ಹೊಸ ಅಡ್ಮಿನ್ ಖಾತೆ ತೆರೆಸಿ. ಗಡಿಯಾರ ನೋಡುತ್ತ ಕೂತುಕೊಳ್ಳಿ. ಕಾಲು ಗಂಟೆಯಲ್ಲಿ ಫೋನ್ ಬಂದರೆ ಡಾಕ್ಟರಿಗೆ ಆ ಕರೆಯನ್ನೇ ಉತ್ತರವಾಗಿ ಕೊಡಿ. ಮರುದಿನ ಮಧ್ಯಾಹ್ನದವರೆಗೂ ಬಾರದಿದ್ದರೆ ಡಾಕ್ಟರು ಹೇಳಿದ್ದೇ ಸರಿ.

ಆಸ್ಪತ್ರೆಗೆ ಏನೂ ಆಗುವುದಿಲ್ಲ ಎಂಬ ಧೈರ್ಯ ಮಾತ್ರ ಬೇಡ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ನೋಂದಣಿ, ಲ್ಯಾಬ್ ವರದಿ ಎಲ್ಲ ಪೆನ್ನು-ಕಾಗದಕ್ಕೆ ಇಳಿದವು. ಬಹುಪಾಲು ಕೆಲಸ ಮತ್ತೆ ಕಂಪ್ಯೂಟರಿಗೆ ಬರಲು ಎರಡು ವಾರ ಹಿಡಿಯಿತು. ಮಾಹಿತಿ ಮರಳಿ ಸಿಕ್ಕಿದ್ದು ದಾಳಿ ತಟ್ಟದೇ ಉಳಿದ ಒಂದು ಬ್ಯಾಕಪ್ ಸರ್ವರಿನಿಂದ. ನಿಮ್ಮ ಬ್ಯಾಕಪ್ಪಿನಿಂದ ಒಬ್ಬ ರೋಗಿಯ ಕಡತವನ್ನಾದರೂ ಈಚೆಗೆ ಹೊರತೆಗೆದು ನೋಡಿದ್ದೀರಾ?

ಕಾನೂನಿನ ಮಾತೂ ಇದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಆ ಲಾಗ್ ನಿಮ್ಮದು, ಸೇವೆ ಬಿಟ್ಟ ದಿನ ನಿಮಗೆ ಒಪ್ಪಿಸಬೇಕು ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಮಾಡದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕುವ ಅವಕಾಶವಿದೆ. ಕೆಲಸ ಹೊರಗಿನವರಿಗೆ ವಹಿಸಿದ್ದೇವೆ ಎಂದು ಆಸ್ಪತ್ರೆ ಆಗ ಜಾರಿಕೊಳ್ಳಲಾಗದು. ಕಾಯ್ದೆ ಹೊಣೆ ಹೊರಿಸುವುದು ನಿಮ್ಮ ಮೇಲೆಯೇ.

ಪ್ರಶ್ನೆ: ಕಾವಲು ಕಾಯುವ ಕಂಪನಿಯೇ ಕಳ್ಳರ ಕೈಗೆ ಸಿಕ್ಕರೆ? ಅದರ ಬದಲು ಸೈಬರ್ ವಿಮೆ ಮಾಡಿಸಿ ಸುಮ್ಮನಿರಬಾರದೇ? (ದಾವಣಗೆರೆ)

ಉತ್ತರ: ಸಿಕ್ಕದ್ದಿದೆ. 2021ರ ಜುಲೈ 2ರಂದು, ಅಮೆರಿಕದ ಸ್ವಾತಂತ್ರ್ಯ ದಿನದ ರಜೆಯ ಹೊಸ್ತಿಲಲ್ಲಿ, ಕಸೇಯ ಎಂಬ ಕಂಪನಿಯ ಸಾಫ್ಟ್‌ವೇರ್‌ನಲ್ಲಿದ್ದ ದೋಷ ಹಿಡಿದು ದಾಳಿ ಮಾಡಿದರು. ಐಟಿ ಸೇವಾ ಕಂಪನಿಗಳು ಗ್ರಾಹಕರ ಸಿಸ್ಟಂ ನೋಡಿಕೊಳ್ಳಲು ಬಳಸುತ್ತಿದ್ದ ಸಾಫ್ಟ್‌ವೇರ್ ಅದು. ಕಾವಲುಗಾರನ ಕೀಲಿಗೊಂಚಲೇ ಕಳ್ಳರಿಗೆ ಸಿಕ್ಕಂತಾಗಿ 1,500ರವರೆಗೆ ವ್ಯವಹಾರಗಳಿಗೆ ಪೆಟ್ಟು ಬಿತ್ತು. 2024ರ ಜುಲೈ 19ರಂದು ಕಳ್ಳರೇ ಇರಲಿಲ್ಲ. ಕ್ರೌಡ್‌ಸ್ಟ್ರೈಕ್ ಕಳಿಸಿದ ತಪ್ಪು ಅಪ್‌ಡೇಟ್ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ಹಾಗಾಗಿ ಕಂಪನಿಯವರು ನಿಮ್ಮ ಸಿಸ್ಟಂಗೆ ದೂರದಿಂದ ಒಳಬರುವ ಬಾಗಿಲಿಗೆ ಎರಡು ಹಂತದ ಲಾಗಿನ್ ಇದೆಯೇ ಎಂದು ಕೇಳಿ. ಬ್ಯಾಕಪ್‌ನ ಒಂದು ಪ್ರತಿಯಾದರೂ ಅವರ ಕೈಗೂ ಎಟುಕದಂತಿರಲಿ.

ವಿಮೆ ಬೇಡವೆನ್ನುವುದಿಲ್ಲ. ಆದರೆ ಅದರ ಅರ್ಜಿ ಫಾರಂ ತೆಗೆದು ಓದಿ. ಎರಡು ಹಂತದ ಲಾಗಿನ್ ಇದೆಯೇ, ಬ್ಯಾಕಪ್ ಎಲ್ಲಿದೆ, ನಿಗಾ ಯಾರದ್ದು ಎಂದೆಲ್ಲ ಕೇಳಿರುತ್ತಾರೆ. ಇಲ್ಲದ್ದಕ್ಕೆ ಇದೆ ಎಂದು ಟಿಕ್ ಹಾಕಿದರೆ ಕ್ಲೇಮ್ ದಿನ ಅದೇ ಕಾಗದ ನಿಮ್ಮ ಮುಂದೆ ಬರುತ್ತದೆ.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಕೊಟೇಶನ್, ಒಪ್ಪಂದಗಳ ಪ್ರತಿ ಧಾರಾಳವಾಗಿ ಕಳಿಸಿ, ನೋಡಿ ಹೇಳುತ್ತೇನೆ. ಆದರೆ ಸರ್ವರ್ ಪಾಸ್‌ವರ್ಡ್ ಬರೆದ ಹಾಳೆಯನ್ನು ಅದರ ಜೊತೆ ಪಿನ್ ಮಾಡಬೇಡಿ. ಈ ಸಲ ಇಬ್ಬರು ಮಾಡಿದ್ದಾರೆ. ಹಾಳೆ ಹರಿದು ಹಾಕಿದ್ದೇನೆ. ಪಾಸ್‌ವರ್ಡ್ ಇವತ್ತೇ ಬದಲಿಸಿ.